ಕೂಗು ಕೆಂಪರಾಜಯ್ಯನ ಪಾರ್ಸೆಲ್

ನಮ್ಮೂರ ಪೋಸ್ಟಾಫೀಸಿನ ಪಾರ್ಸೆಲ್ ಕೌಂಟರಿನಲ್ಲಿ ಇಪ್ಪತ್ತೆರಡು ವರ್ಷದಿಂದ ಕೂತಿರೋಳು ನಾನು, ಚೆನ್ನಾಜಮ್ಮ. ನಾನು ಎದ್ದು ನಿಲ್ಲೋದನ್ನ ನೋಡಿದರೇ ಸಾಕು, ನನ್ನ ಕೆಲಸ ಏನು ಅಂತ ಯಾರಿಗಾದರೂ ಗೊತ್ತಾಗುತ್ತೆ. ಬೇರೆ ಊರಿನ ಪೋಸ್ಟಾಫೀಸಿಗೆ ಅಂಟು, ದಾರ, ಮೊಹರು ಇದ್ದರೆ ಆಯ್ತಂತೆ. ನಮ್ಮಲ್ಲಿ ಅದರ ಜೊತೆಗೆ ಎರಡು ಹಾರೆ, ಒಂದು ರಾಟೆ, ತಳ್ಳೋ ಗಾಡಿ, ಆಮೇಲೆ ಸೊಂಟಕ್ಕೆ ಹಚ್ಚೋ ಎಣ್ಣೆ ಬೇಕು. ಹಾರೆ, ರಾಟೆ ಇಲಾಖೆ ಕೊಟ್ಟದ್ದು. ಎಣ್ಣೆ ನಾವೇ ಮನೆಯಿಂದ ತರಬೇಕು.

ನಮ್ಮೂರಿಗೆ ಬರೋ ಟಪಾಲು ಎಷ್ಟು ದಿನ ತಡವಾಗಿರುತ್ತೋ ಅಷ್ಟು ಭಾರ. ಹಳ್ಳದ ಸೇತುವೆಯ ಆಚೆ ಅದು ಎಲ್ಲ ಊರಿನ ಟಪಾಲಿನ ಹಾಗೇ ಇರುತ್ತೆ. ಸೇತುವೆ ದಾಟಿ ಈಚೆಗೆ ಬಂತೋ, ತಡೆದ ದಿನವೆಲ್ಲ ಒಟ್ಟಿಗೆ ಅದರ ಮೇಲೆ ಕೂರುತ್ತೆ. ದಿನಕ್ಕೆ ಎರಡು ಕಿಲೋ ಅಂತ ಹಿಡಿದರೆ ಹೆಚ್ಚು ಕಮ್ಮಿ ಸರಿ ಹೋಗುತ್ತೆ. ಅದಕ್ಕೇ ಹೊರಗಿನ ಟಪಾಲು ವ್ಯಾನಿನ ಡ್ರೈವರು ಊರೊಳಗೆ ಬರೋದೇ ಇಲ್ಲ. ಸೇತುವೆ ಮೇಲೇ ನಿಂತು ಒಂದೊಂದೇ ಪೊಟ್ಟಣವನ್ನ ಬಿದಿರು ಕೋಲಿನಲ್ಲಿ ಈಚೆಯ ಕಲ್ಲುಕಟ್ಟೆ ಮೇಲಕ್ಕೆ ದಬ್ಬುತ್ತಾನೆ. ಅದು ಧೊಪ್ಪಂತ ಕೂರುತ್ತೆ. ಆಮೇಲಿನದ್ದು ನಮ್ಮ ಪಾಡು.

ಇದರಲ್ಲಿ ಒಂದು ಅನುಕೂಲವೂ ಇದೆ, ಸುಳ್ಳು ಯಾಕೆ ಹೇಳಲಿ. ಆ ಪೊಟ್ಟಣಕ್ಕಾಗಿ ನಿಜವಾಗಿ ಯಾರು ಕಾದಿದ್ದಾರೋ ಅವರ ಕೈ ತಗುಲಿದ ಕೂಡಲೇ ಭಾರವೆಲ್ಲ ಇಳಿದುಹೋಗುತ್ತೆ. ಹೋದ ಮಳೆಗಾಲದಲ್ಲಿ ಒಂದು ಪೆಟ್ಟಿಗೆಯ ಮೇಲಿನ ವಿಳಾಸವೆಲ್ಲ ತೊಳೆದುಹೋಗಿ ‘ಕೆರೆ ಎದುರು’ ಅನ್ನೋದಷ್ಟೇ ಉಳಿದಿತ್ತು. ಫೋನ್ ನಂಬರಿನಲ್ಲಿ ಒಂದು ಅಂಕಿಯೂ ನೆಟ್ಟಗಿರಲಿಲ್ಲ. ಗಾಡಿ ಮೇಲೆ ಹೇರಿಕೊಂಡು ಕೆರೆ ಬೀದಿಯ ಉದ್ದಕ್ಕೂ ಹೋದೆವು, ಮನೆಮನೆಯವರೂ ಬಂದು ಮುಟ್ಟಿ ಮುಟ್ಟಿ ನೋಡಿದರು. ಸೈಕಲ್ ಅಂಗಡಿಯವನು ಮುಟ್ಟಿದ, ಹೂವಿನ ಹಾಗೆ ಎದ್ದು ಬಂತು. ಯಾರೂ ಕಾಯದ ಜಾಹೀರಾತಿನ ಕಾಗದಗಳು ಮಾತ್ರ ಯಾರ ಕೈಗೂ ಹಗುರಾಗಲ್ಲ. ಅವನ್ನ ನಮ್ಮ ಜನ ಮನೆಯ ತಗಡಿನ ಮೇಲೆ ಹೇರುತ್ತಾರೆ, ಗಾಳಿಗೆ ತಗಡು ಹಾರದೆ ಇರಲಿ ಅಂತ. ಬ್ಯಾಂಕಿನವರ ಕಾಗದ ಅದಕ್ಕೆ ಬಹಳ ಒಳ್ಳೇದು.

ನಮ್ಮ ಪೋಸ್ಟ್‌ಮಾಸ್ಟರು ಅನಂತಶಯನ ಅವರಿಗೆ ಮಾತ್ರ ಇದೆಲ್ಲ ಸಾಕಾಗಲ್ಲ. ಪೊಟ್ಟಣ ಕೈಯಲ್ಲಿ ಹತ್ತಿಯ ಹಾಗೆ ಕೂತಿದ್ದರೂ "ಗುರುತಿನ ಚೀಟಿಯ ಜೆರಾಕ್ಸ್ ಎಲ್ಲಮ್ಮಾ?" ಅಂತ ಕೇಳೋ ಮನುಷ್ಯ. ಪಾಪ, ಕೆಟ್ಟವರಲ್ಲ. ಹೊರಗಿನಿಂದ ವರ್ಗವಾಗಿ ಬಂದವರು, ಪುಸ್ತಕದಲ್ಲಿ ಇರೋದನ್ನ ಬಿಟ್ಟು ಕದಲಲ್ಲ.

ಈಗ ಕೆಂಪರಾಜಯ್ಯನವರ ವಿಷಯಕ್ಕೆ ಬರ್ತೀನಿ. ಬೆಲ್ಲದ ಮಂಡಿಯಲ್ಲಿ ಮೂವತ್ತೆಂಟು ವರ್ಷ ಹರಾಜು ಕೂಗಿದವರು. ಊರಿಗೆಲ್ಲ ಕೂಗು ಕೆಂಪರಾಜಯ್ಯ. ಎಂಥ ಗಂಟಲು ಅಂತೀರಿ, ಮಂಡಿಯಲ್ಲಿ ಬಾಯಿ ತೆಗೆದರೆ ಮೂರು ಬೀದಿ ಆಚೆ ತೊಟ್ಟಿಲಲ್ಲಿ ಮಲಗಿದ ಕೂಸು ಎಚ್ಚರಾಗ್ತಿತ್ತು. ಸಂಜೆ ಹರಾಜು ಮುಗಿಸಿ ಮಂಡಿ ಬಾಗಿಲಲ್ಲಿ ನಿಂತು ಮನೆ ಕಡೆ ಮುಖ ಮಾಡಿ ಒಂದೇ ಒಂದು ಸಲ ಕೂಗೋರು, "ಲೇ ಇವಳೇ, ನೀರಿಡೇ." ಮೂರನೇ ಬೀದಿಯಲ್ಲಿ ಅವರ ಹೆಂಡತಿ ತಾಯಮ್ಮ, ನಮ್ಮ ತಾಯಕ್ಕ, ಬಚ್ಚಲ ಒಲೆ ಹಚ್ಚೋಳು. ಮೈಯೆಲ್ಲ ಬೆಲ್ಲದ ಅಂಟು ಮಾಡಿಕೊಂಡು ಅವರು ನಿಧಾನಕ್ಕೆ ನಡೆದು ಮನೆ ಮುಟ್ಟೋ ಹೊತ್ತಿಗೆ ಹಂಡೆಯಲ್ಲಿ ನೀರು ಕುದಿಯೋದು. ಆ ಕೂಗಿಗೆ ಹೂವಿನ ಜಯಶೀಲ ಬುಟ್ಟಿ ಮುಚ್ಚೋಳು, ನಾನು ಕೌಂಟರು ಮುಚ್ಚೋಳು. ಪೋಸ್ಟಾಫೀಸಿನ ಗೋಡೆ ಗಡಿಯಾರ ಕೆಟ್ಟು ಆರು ವರ್ಷವಾದರೂ ನಾವು ಯಾರೂ ರಿಪೇರಿ ಮಾಡಿಸಿರಲಿಲ್ಲ.

ಅಂಥವರ ಗಂಟಲಿಗೇ ಗಡ್ಡೆ ಬಂತು. ದೊಡ್ಡ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿ ಗಡ್ಡೆಯ ಜೊತೆ ಧ್ವನಿಯ ಪೆಟ್ಟಿಗೆಯನ್ನೂ ತೆಗೆದುಬಿಟ್ಟರು. ಜೀವ ಉಳೀತು, ಮಾತು ಹೋಯ್ತು. ಕೆಂಪರಾಜಣ್ಣನಿಗೆ ಅಷ್ಟಿಷ್ಟು ಬರೆಯೋಕೆ ಬರುತ್ತೆ. ಒಂದು ಸ್ಲೇಟು ತಂದುಕೊಂಡರು. ಆದರೆ ತಾಯಕ್ಕನಿಗೆ ಒಂದಕ್ಷರ ಬರಲ್ಲ. ಗಂಡ ಸ್ಲೇಟಿನಲ್ಲಿ ಬರೀಬೇಕು, ಹೆಂಡತಿ ಅದನ್ನ ಸೆರಗಿನಲ್ಲಿ ಮುಚ್ಚಿಕೊಂಡು ಪೋಸ್ಟಾಫೀಸಿಗೆ ಬರಬೇಕು, ನಾನು ಓದಿ ಹೇಳಬೇಕು, ಅವಳು ವಾಪಸ್ಸು ಹೋಗಿ ಬಾಯಲ್ಲಿ ಉತ್ತರ ಕೊಡಬೇಕು, ಅವರು ಮತ್ತೆ ಬರೀಬೇಕು. ಆ ಮನೆಯಲ್ಲಿ ಒಂದು ಜಗಳ ಮುಗಿಯೋಕೆ ಎರಡು ದಿನ ಹಿಡೀತಿತ್ತು. ಅಷ್ಟರಲ್ಲಿ ಯಾಕೆ ಶುರುವಾಯ್ತು ಅನ್ನೋದೇ ಇಬ್ಬರಿಗೂ ಮರೆತುಹೋಗಿರೋದು.

ಸ್ನಾನದ ನೀರಿನದು ಬೇರೆ ಗೋಳು. ಮಾತಿಲ್ಲದಿದ್ದರೂ ಅವರು ದಿನಾ ಮಂಡಿಗೆ ಹೋಗಿ ಮೂಲೆಯಲ್ಲಿ ಕೂತು ಬರೋರು. ಯಾವಾಗ ಹೊರಡ್ತಾರೆ ಅಂತ ಗೊತ್ತಾಗದೆ ತಾಯಕ್ಕ ಒಂದು ದಿನ ಬೇಗ ಒಲೆ ಹಚ್ಚೋಳು, ಒಂದು ದಿನ ತಡ. "ಹದಿನಾಲ್ಕು ತಿಂಗಳಾಯ್ತು ಚೆನ್ನಾಜಿ, ಒಂದು ದಿನ ಅವರಿಗೆ ಸರಿಯಾದ ನೀರು ಕೊಟ್ಟಿಲ್ಲ ನಾನು. ಒಂದೋ ಸುಡುತ್ತೆ, ಇಲ್ಲ ತಣ್ಣಗೆ ಕೊರೆಯುತ್ತೆ," ಅಂತ ಕೌಂಟರಿಗೆ ಒರಗಿಕೊಂಡು ಹೇಳೋಳು. ಆಮೇಲೆ ಧ್ವನಿ ತಗ್ಗಿಸಿ, "ಬೈಸಿಕೊಂಡು ಅಭ್ಯಾಸ ಕಣೇ ನನಗೆ. ಆ ಮನೆಯಲ್ಲಿ ನನ್ನ ಮಾತು ಒಂದೇ ಕೇಳಿಸುತ್ತೆ. ಕೇಳಿ ಕೇಳಿ ನನಗೇ ಸಾಕಾಗಿದೆ," ಅನ್ನೋಳು.

ಇಲ್ಲಿ ನನ್ನದೊಂದು ತಪ್ಪು ಒಪ್ಪಿಕೊಂಡುಬಿಡ್ತೀನಿ. ನಾನು ಸ್ಲೇಟಿನಲ್ಲಿ ಇದ್ದದ್ದನ್ನ ಇದ್ದ ಹಾಗೆ ಓದ್ತಿರಲಿಲ್ಲ. ‘ಸಾರಿಗೆ ಉಪ್ಪು ಜಾಸ್ತಿ’ ಅಂತಿದ್ದರೆ, "ಸಾರು ಬಹಳ ಚೆನ್ನಾಗಿತ್ತಂತೆ, ಉಪ್ಪು ಮಾತ್ರ ಒಂದು ಹರಳು ಮುಂದಂತೆ" ಅಂತ ಓದ್ತಿದ್ದೆ. ‘ಎಲ್ಲಿ ಹಾಳಾಗಿ ಹೋಗಿದ್ದೆ’ ಅಂತಿದ್ದರೆ, "ಎಲ್ಲಿಗೆ ಹೋಗಿದ್ದೆ, ಕಾಣದೆ ಯೋಚನೆಯಾಗಿತ್ತು ಅಂತಾರೆ" ಅಂತಿದ್ದೆ. ಮನೆಯೊಳಗೆ ಗಂಡನ ಬಾಯಿಂದ ಬಂದರೆ ಅದು ಮಾತು. ಸಾಲಿನಲ್ಲಿ ನಿಂತ ನಾಲ್ಕು ಜನರ ಮುಂದೆ ನಾನು ಅದನ್ನೇ ಓದಿ ಹೇಳೋಕೆ ನನಗೆ ಬಾಯಿ ಬರ್ತಿರಲಿಲ್ಲ. ತಾಯಕ್ಕ ಕೇಳಿಸಿಕೊಂಡು, "ಹೂಂ" ಅಂತ ಸ್ಲೇಟನ್ನ ಸೆರಗಿಗೆ ಸೇರಿಸಿಕೊಂಡು ಹೋಗಿಬಿಡೋಳು.

ಹೀಗಿರುವಾಗ ಆಸ್ಪತ್ರೆಯ ಡಾಕ್ಟರು ಒಂದು ದಾರಿ ಮಾಡಿಕೊಟ್ಟರು. ಬ್ಯಾಟರಿಯ ಒಂದು ಸಣ್ಣ ಯಂತ್ರ ಇದೆಯಂತೆ, ಟಾರ್ಚಿನ ಹಾಗೆ. ಅದನ್ನ ಕುತ್ತಿಗೆಗೆ ಒತ್ತಿಕೊಂಡು ಬಾಯಿ ಆಡಿಸಿದರೆ ಮಾತು ಬರುತ್ತಂತೆ. ಹೊರದೇಶದ ಯಾವುದೋ ಸಂಸ್ಥೆಯವರು ಇಂಥವರಿಗೆ ಸುಮ್ಮನೆ ಕಳಿಸಿಕೊಡ್ತಾರಂತೆ. ಡಾಕ್ಟರು ಬರೆದರು, ಅವರು ಕಳಿಸಿದರು, ನಮಗೆ ಒಂದು ನಂಬರು ಬಂತು. ನಾನು ದಿನಾ ಬೆಳಿಗ್ಗೆ ಕಂಪ್ಯೂಟರಿನಲ್ಲಿ ಆ ನಂಬರು ಒತ್ತಿ ನೋಡ್ತಿದ್ದೆ. ತಾಯಕ್ಕ ಕಿಟಕಿಯಲ್ಲಿ ಮುಖ ಇಟ್ಟು, "ಎಲ್ಲಿಗೆ ಬಂತು?" ಅನ್ನೋಳು. ಮೊದಲ ಹದಿನೆಂಟು ದಿನ ಅದು ‘ಹೊರಟಿದೆ’ ಅಂತಷ್ಟೇ ಹೇಳ್ತು. ಎಲ್ಲಿಂದ, ಯಾವ ಕಡೆಗೆ, ಒಂದೂ ಇಲ್ಲ. ಆಮೇಲೆ ಬಂದರಿನ ಕಸ್ಟಮ್ಸ್ ಕಚೇರಿಯಲ್ಲಿ ನಿಂತಿದೆ ಅಂತ ತೋರಿಸ್ತು.

ಒಳಗೆ ಬ್ಯಾಟರಿ ಇರೋದರಿಂದ ಕಸ್ಟಮ್ಸ್‌ನವರು ಒಂದು ಫಾರಂ ಕಳಿಸಿದರು. ಕಾಗದ ಸೇರೋಕೇ ಹತ್ತು ದಿನ ತಡವಾಗಿತ್ತು, ಹಾಗಾಗಿ ಆ ಒಂದು ಹಾಳೆಯನ್ನ ಕಟ್ಟೆಯಿಂದ ಆಫೀಸಿಗೆ ತರೋಕೆ ಇಬ್ಬರು ಬೇಕಾಯ್ತು. ಫಾರಂ ತುಂಬಿದವಳು ನಾನು. ಏನು ವಸ್ತು, ಯಾಕೆ ಬೇಕು, ಯಾವ ಡಾಕ್ಟರು, ಬ್ಯಾಟರಿ ಎಷ್ಟು, ಎಲ್ಲ ಬರೆದೆ. ಕೊನೇಲಿ ‘ಪೊಟ್ಟಣದ ತೂಕ’ ಅಂತ ಒಂದು ಜಾಗ ಇತ್ತು. ಇಪ್ಪತ್ತೆರಡು ವರ್ಷದಿಂದ ಆ ಜಾಗ ಕಂಡಾಗಲೆಲ್ಲ ನಾನು ಬರೆಯೋದು ಒಂದೇ, ಇಲ್ಲಿಗೆ ಬಂದಾಗ ಎಷ್ಟು ತೂಗುತ್ತೆ ಅಂತ. ಆಗ ತಾನೇ ಎಷ್ಟು ಜನ ಬೇಕು, ಹಾರೆ ಬೇಕೋ ರಾಟೆ ಬೇಕೋ ಗೊತ್ತಾಗೋದು? ನಲವತ್ತು ದಿನ ಆಗಬಹುದು ಅಂತ ಮನಸ್ಸಿನಲ್ಲೇ ಎಣಿಸಿ ಎಂಬತ್ತು ಕಿಲೋ ಅಂತ ಬರೆದೆ. ಅನಂತಶಯನ ಅವರು ಕನ್ನಡಕ ಏರಿಸಿ ಓದಿ, ಸಹಿ ಹಾಕಿ, ಮೊಹರು ಒತ್ತಿದರು.

ಬಂದರಿನವರು ಪೊಟ್ಟಣವನ್ನ ತಕ್ಕಡಿಯಲ್ಲಿಟ್ಟರು. ಮುನ್ನೂರ ಎಂಬತ್ತು ಗ್ರಾಂ. ಕಾಗದದಲ್ಲಿ ಎಂಬತ್ತು ಕಿಲೋ. ಉಳಿದದ್ದು ಎಲ್ಲಿ ಹೋಯ್ತು ಅಂತ ಪೊಟ್ಟಣವನ್ನ ಕಬ್ಬಿಣದ ಬೀರುವಿನಲ್ಲಿಟ್ಟು ಬೀಗ ಜಡಿದು ವಿಚಾರಣೆ ಶುರು ಮಾಡಿದರು. ಕಾಣೆಯಾದ ಎಪ್ಪತ್ತೊಂಬತ್ತು ಕಿಲೋ ಆರುನೂರ ಇಪ್ಪತ್ತು ಗ್ರಾಂ ಸಾಮಾನಿನ ವಿವರ ಕೊಡಿ ಅಂತ ನಮಗೊಂದು ಪತ್ರ. ಅನಂತಶಯನ ಅವರು ನಮ್ಮೂರಿನ ತೂಕದ ಪದ್ಧತಿಯನ್ನೆಲ್ಲ ಮೂರು ಪುಟ ವಿವರಿಸಿ ಬರೆದರು. ‘ತಾವು ಹೇಳುವ ಪದ್ಧತಿಗೆ ಆಧಾರ ಒದಗಿಸಿ’ ಅಂತ ಅವರು ಬರೆದರು. ಇವರು ಆಧಾರ ಅಂತ ನಮ್ಮ ರಿಜಿಸ್ಟರಿನ ನಕಲು ಕಳಿಸಿದರು. ಹಿಂದಿನ ಪೊಟ್ಟಣಗಳ ತೂಕವನ್ನೂ ವಿಚಾರಿಸಬೇಕಾಗಿದೆ ಅಂತ ಅವರು ಬರೆದರು. ಒಂದೊಂದು ಪತ್ರ ಹೋಗಿ ಬರೋಕೆ ಒಂದು ತಿಂಗಳು. ಕಡೆಗೆ ನಾನೇ ಒಂದು ಹಾಳೆಯಲ್ಲಿ, ‘ಸ್ವಾಮಿ, ತೂಕ ತಪ್ಪಾಗಿ ಬರೆದವಳು ನಾನು, ಏನೂ ಕಾಣೆಯಾಗಿಲ್ಲ, ಒಬ್ಬರು ಮಾತಿಲ್ಲದೆ ಕೂತಿದ್ದಾರೆ, ದಯಮಾಡಿ ಕಳಿಸಿ’ ಅಂತ ಬರೆದು ಹೆಬ್ಬೆಟ್ಟು ಸಹಿ ಎರಡೂ ಹಾಕಿ ಕಳಿಸಿದೆ.

ಇಷ್ಟೂ ದಿನ ತಾಯಕ್ಕನಿಗೆ ನಾನು ಹೇಳಿದ್ದು ಒಂದೇ ಮಾತು, "ದಾರಿಯಲ್ಲಿದೆ." ನನ್ನ ಗೀಚಿನಿಂದ ನಿಂತಿದೆ ಅಂತ ಹೇಳೋಕೆ ಧೈರ್ಯ ಬರಲಿಲ್ಲ. ಅದರ ಮೇಲೆ ಇನ್ನೊಂದು ಮಾಡಿದೆ. ಐದನೇ ತಿಂಗಳಿನಲ್ಲಿ ಒಂದು ದಿನ ಅವಳು ತಂದ ಸ್ಲೇಟಿನಲ್ಲಿ ದಪ್ಪ ಅಕ್ಷರದಲ್ಲಿ, ‘ಆ ಯಂತ್ರ ನನಗೆ ಬೇಡ. ಬಂದರೆ ವಾಪಸ್ ಕಳಿಸು’ ಅಂತಿತ್ತು. ನಾನು ಎರಡು ಸಲ ಓದಿಕೊಂಡೆ. ತಾಯಕ್ಕ ನನ್ನ ಬಾಯನ್ನೇ ನೋಡ್ತಿದ್ದಳು. "ಯಂತ್ರ ಬಂದ ಕೂಡಲೇ ಹೇಳಿ ಕಳಿಸು ಅಂತ ಬರೆದಿದ್ದಾರೆ," ಅಂದೆ. ಅವಳು ಹೋದ ಮೇಲೆ ಸೊಂಟಕ್ಕೆ ಎಣ್ಣೆ ಹಚ್ಚಿಕೊಂಡು ಸುಮ್ಮನೆ ಕೂತೆ. ಅವತ್ತು ನಾನು ಏನೂ ಎತ್ತಿರಲಿಲ್ಲ.

ನೂರ ಅರವತ್ತೇಳನೇ ದಿನ ಬೆಳಿಗ್ಗೆ ನಂಬರು ಒತ್ತಿ ನೋಡ್ತೀನಿ, ಪೊಟ್ಟಣ ಬಂದರಿನಿಂದ ಹೊರಟಿದೆ. ಬುಧವಾರದ ವ್ಯಾನಿಗೆ ಬರುತ್ತೆ. ನನಗೆ ಎಷ್ಟು ಸಂತೋಷ ಆಯ್ತು ಅಂದರೆ, ಬುದ್ಧಿ ನೆಟ್ಟಗಿರಲಿಲ್ಲ. ತಾಯಕ್ಕ ಕಿಟಕಿಗೆ ಬಂದ ಕೂಡಲೇ ಬರೋ ವಿಷಯದ ಜೊತೆಗೆ ನಿಂತ ವಿಷಯವನ್ನೂ ಬಾಯಿಬಿಟ್ಟೆ. ಎಂಬತ್ತು ಕಿಲೋ, ಬೀರು, ವಿಚಾರಣೆ, ಎಲ್ಲ. ಮನಸ್ಸಿನ ಮೇಲಿಂದ ಇಳಿದರೆ ಸಾಕಾಗಿತ್ತು ನನಗೆ.

ಅವಳು ನಗ್ತಾ ಇದ್ದವಳು ನಿಲ್ಲಿಸಿದಳು. "ಎಷ್ಟು ತಿಂಗಳು ನಿಂತಿತ್ತು?" ಅಂದಳು.

"ನಾಲ್ಕು ತಿಂಗಳ ಮೇಲೆ, ತಾಯಕ್ಕ."

"ನಿನ್ನ ಒಂದು ಗೀಚಿಗೆ ನನ್ನ ಮನೆ ನಾಲ್ಕು ತಿಂಗಳು ಮೂಕವಾಗಿ ಕೂತಿತ್ತಾ?" ಅಂದಳು. ಕೂಗಲಿಲ್ಲ. ಕೂಗಿದ್ದರೆ ಎಷ್ಟೋ ಚೆನ್ನಾಗಿರ್ತಿತ್ತು. ಕೈಯಲ್ಲಿದ್ದ ಸ್ಲೇಟನ್ನ ಕೊಡದೆ ಹಾಗೇ ಸೆರಗಿನಡಿ ಇಟ್ಟುಕೊಂಡು ಹೋದಳು. ಎದುರುಗಡೆ ಜಯಶೀಲಳ ಹೂವಿನ ಬುಟ್ಟಿಯ ಹತ್ತಿರ ಕೂತು ಅವಳ ಕೈಲಿ ಓದಿಸೋದು ನನ್ನ ಕಿಟಕಿಗೆ ಕಾಣ್ತಿತ್ತು. ಜಯಶೀಲ ಏಳನೇ ಕ್ಲಾಸು ಓದಿದವಳು, ಒಳ್ಳೆಯವಳು, ಆದರೆ ಇದ್ದದ್ದನ್ನ ಇದ್ದ ಹಾಗೆ ಓದೋ ಹೆಂಗಸು.

ಮಾರನೇ ದಿನ ತಾಯಕ್ಕ ಬಂದು ಸ್ಲೇಟನ್ನ ಕೌಂಟರಿನ ಮೇಲೆ ಇಟ್ಟಳು. ‘ಬೇಡ ಅಂತ ಹೋದ ತಿಂಗಳೇ ಬರೆದಿದ್ದೆ. ಮತ್ತೆ ಬರೀತೀನಿ. ಬೇಡ. ವಾಪಸ್ ಕಳಿಸು’ ಅಂತಿತ್ತು. "ಜಯಶೀಲ ಓದಿ ಹೇಳಿದಳು," ಅಂದಳು. "ಹೋದ ತಿಂಗಳಿನದು ನೀನು ಏನಂತ ಓದಿದ್ದೆ?"

"ಬಂದ ಕೂಡಲೇ ಹೇಳಿ ಕಳಿಸು ಅಂತ," ಅಂದೆ.

"ನೀನು ಓದೋದು ಅವರ ಮಾತಲ್ಲ ಅಂತ ನನಗೆ ಮೊದಲನೇ ವಾರವೇ ಗೊತ್ತಿತ್ತು ಚೆನ್ನಾಜಿ," ಅಂದಳು. "ಮದುವೆಯಾಗಿ ಮೂವತ್ತಾರು ವರ್ಷ ಆಯ್ತು, ಒಂದು ದಿನ ಸಾರು ಚೆನ್ನಾಗಿದೆ ಅಂದವರಲ್ಲ. ಬಾಯಿ ಹೋದ ಮೇಲೆ ದಿನಾ ಅಂತಾರೆ ಅಂದರೆ ನಂಬೋಕೆ ನಾನೇನು ಮಗುವಾ? ಕೇಳೋಕೆ ಚೆನ್ನಾಗಿತ್ತು, ಸುಮ್ಮನಿದ್ದೆ. ಆದರೆ ಇದನ್ನ ಮುಚ್ಚಿಟ್ಟೆಯಲ್ಲ, ಇದು ತಪ್ಪು."

"ತಪ್ಪಾಯ್ತು ತಾಯಕ್ಕ," ಅಂದೆ. ಕಣ್ಣಲ್ಲಿ ನೀರು ಬಂತು, ಸುಳ್ಳಲ್ಲ. "ಯಾಕೆ ಬೇಡವಂತೆ?"

"ಹೇಳಲ್ಲ. ಕೇಳಿದರೆ ಗೋಡೆ ಕಡೆ ತಿರುಗಿ ಮಲಗ್ತಾರೆ." ಸ್ಲೇಟನ್ನ ಎತ್ತಿಕೊಂಡಳು. "ಬುಧವಾರ ಕಟ್ಟೆ ಹತ್ತಿರ ಕರೆತರ್ತೀನಿ. ಅಲ್ಲಿ ನೀನು ಓದು. ಈ ಸಲ ಇದ್ದದ್ದನ್ನ ಇದ್ದ ಹಾಗೆ ಓದು."

ಬುಧವಾರ ಹತ್ತು ಗಂಟೆಗೆ ಸೇತುವೆಯ ಹತ್ತಿರ ಅರ್ಧ ಮಂಡಿಯೇ ಬಂದು ನಿಂತಿತ್ತು. ಅನಂತಶಯನ ಅವರು ಕೊಡೆ ಹಿಡಿದು, ಫೈಲು ಕಂಕುಳಲ್ಲಿ ಇಟ್ಟುಕೊಂಡು ಬಂದಿದ್ದರು. ಡ್ರೈವರು ಆಚೆ ನಿಂತು ಬ್ರೆಡ್ಡಿನಷ್ಟು ದೊಡ್ಡ ಪೊಟ್ಟಣವನ್ನ ಕೋಲಿನ ತುದಿಯಲ್ಲಿ ದಬ್ಬಿದ. ಸೇತುವೆ ದಾಟಿದ್ದೇ ತಡ, ಕಟ್ಟೆಯ ಕಲ್ಲು ಒಂದು ಬೆರಳು ಕೆಳಗೆ ಕೂತಿತು. ನೂರ ಎಪ್ಪತ್ತೆರಡು ದಿನ. ಮುನ್ನೂರ ನಲವತ್ತನಾಲ್ಕು ಕಿಲೋ. ಅದರಲ್ಲಿ ಮುಕ್ಕಾಲು ಪಾಲು ನಾನು ಹೇರಿದ್ದು.

ಕೆಂಪರಾಜಣ್ಣ ಬಿಳಿ ಪಂಚೆ ಉಟ್ಟು, ಕುತ್ತಿಗೆಗೆ ಟವೆಲು ಸುತ್ತಿಕೊಂಡು ಬಂದರು. ಹಿಂದೆ ತಾಯಕ್ಕ. ಅವರು ಯಾರ ಮುಖವನ್ನೂ ನೋಡದೆ ಸ್ಲೇಟನ್ನ ನೇರವಾಗಿ ಪೋಸ್ಟ್‌ಮಾಸ್ಟರ ಕೈಗೆ ಕೊಟ್ಟರು. ಅನಂತಶಯನ ಅವರು ಅದನ್ನ ನನಗೆ ಕೊಟ್ಟು, "ಜೋರಾಗಿ ಓದಿ, ದಾಖಲಾಗಬೇಕು," ಅಂದರು.

ನಾನು ಓದಿದೆ. "‘ಈ ಪೊಟ್ಟಣ ನಾನು ಸ್ವೀಕರಿಸುವುದಿಲ್ಲ. ಇಂಥದ್ದನ್ನ ಇಟ್ಟುಕೊಂಡು ಮಾತಾಡುವವನನ್ನ ಆಸ್ಪತ್ರೆಯಲ್ಲಿ ನೋಡಿದ್ದೇನೆ. ಜೀರುಂಡೆಯ ಧ್ವನಿ. ನಾನು ಕೂಗಿದ ಮಂಡಿಯಲ್ಲಿ ಜೀರುಂಡೆ ಅನ್ನಿಸಿಕೊಂಡು ನಗಿಸಿಕೊಳ್ಳಲಾರೆ. ಸುಮ್ಮನಿರುತ್ತೇನೆ.’" ಒಂದಕ್ಷರ ಬಿಡಲಿಲ್ಲ. ಮಂಡಿಯವರು ಯಾರೂ ತಲೆ ಎತ್ತಲಿಲ್ಲ.

ಅನಂತಶಯನ ಅವರು ಫೈಲು ಬಿಚ್ಚಿದರು. "ಹೆಸರಿನವರು ಬೇಡ ಅಂತ ಬರೆದುಕೊಟ್ಟರೆ ವಾಪಸ್ಸು ಕಳಿಸಲೇಬೇಕು. ನಿಯಮ," ಅಂದರು. ಅವರಿಗೂ ಇಷ್ಟವಿರಲಿಲ್ಲ, ಪೆನ್ನಿನ ಮುಚ್ಚಳ ತೆಗೆಯೋಕೆ ಬಹಳ ಹೊತ್ತು ಮಾಡಿದರು. ಡ್ರೈವರು ಆಚೆಯಿಂದ, "ಬೇಗ ಹೇಳಿ ಸಾರ್, ಹಾರೆ ಕೊಟ್ಟು ಎರಡು ಅಡಿ ಈ ಕಡೆ ಜರುಗಿಸಿದರೆ ಒಂದು ಕೈಯಲ್ಲಿ ಎತ್ತಿಕೊಂಡು ಹೋಗ್ತೀನಿ," ಅಂದ. ಅದು ನಿಜ. ಎರಡೇ ಅಡಿ. ಅಷ್ಟು ಹೋದರೆ ಅದು ಮತ್ತೆ ಮುನ್ನೂರ ಎಂಬತ್ತು ಗ್ರಾಂ ಆಗಿ, ಬಂದ ದಾರಿಯಲ್ಲೇ ಹೋಗಿಬಿಡೋದು. ಮತ್ತೆ ಬರೋದಲ್ಲ.

ತಾಯಕ್ಕ ಮುಂದೆ ಬಂದಳು. ಗಂಡನ ಎದುರು ನಿಂತಳು. "ರೀ, ನಿಮಗೆ ಬೇಡ ಅಂದರೆ ಬೇಡ. ನಾನು ಬಲವಂತ ಮಾಡಲ್ಲ," ಅಂದಳು. "ಆದರೆ ಬೇಡದ ಪೊಟ್ಟಣ ಈ ಊರಲ್ಲಿ ಯಾರ ಕೈಗೂ ಏಳಲ್ಲ. ಎಲ್ಲರ ಮುಂದೆ ಒಂದು ಸಲ ಎತ್ತಿ ನೋಡಿ. ಏಳದಿದ್ದರೆ ಹೋಗಲಿ. ಇನ್ನೊಂದು ಸಲ ಅದರ ಹೆಸರು ಎತ್ತಿದರೆ ಕೇಳಿ."

ಕೆಂಪರಾಜಣ್ಣ ಅವಳನ್ನ ನೋಡಿದರು, ಪೊಟ್ಟಣ ನೋಡಿದರು. ಆಮೇಲೆ, ಇಷ್ಟೇ ತಾನೆ ಅನ್ನೋ ಹಾಗೆ ಟವೆಲು ತೆಗೆದು ತಲೆಗೆ ಸುತ್ತಿದರು. ಪಂಚೆ ಎತ್ತಿ ಕಟ್ಟಿದರು. ವಯಸ್ಸಿನಲ್ಲಿ ಬೆಲ್ಲದ ಮೂಟೆ ಎತ್ತಿದ ಮನುಷ್ಯ ಅವರು, ಭಾರಕ್ಕೆ ಹೇಗೆ ನಿಲ್ಲಬೇಕು ಅಂತ ಗೊತ್ತು. ಕಾಲು ಅಗಲಿಸಿ ಊರಿದರು, ಮೊಣಕಾಲು ಬಗ್ಗಿಸಿದರು, ಎರಡೂ ಕೈಯನ್ನ ಪೊಟ್ಟಣದ ಅಡಿಗೆ ಕೊಟ್ಟರು. ಮೋಸ ಮಾಡೋ ಆಸೆ ಅವರಿಗೆ ಇರಲಿಲ್ಲ, ಅದನ್ನ ನಾನು ಆಣೆ ಇಟ್ಟು ಹೇಳ್ತೀನಿ. ಏಳಲ್ಲ ಅಂತ ತೋರಿಸೋಕೇ ಮೈಯಲ್ಲಿದ್ದ ಶಕ್ತಿಯನ್ನೆಲ್ಲ ಹಾಕಿ ಎಳೆದರು.

ಪೊಟ್ಟಣ ಗಾಳಿಯಲ್ಲಿ ಹಾರಿತು. ಕೆಂಪರಾಜಣ್ಣ ಹಿಂದಕ್ಕೆ ನಾಲ್ಕು ಹೆಜ್ಜೆ ತಡವರಿಸಿ, ಅನಂತಶಯನ ಅವರ ಕೊಡೆಯನ್ನೂ ಎಳೆದುಕೊಂಡು ಮಣ್ಣಿನಲ್ಲಿ ಅಂಗಾತ ಬಿದ್ದರು. ಪೊಟ್ಟಣ ಅವರ ಎದೆಯ ಮೇಲೆ ಬಂದು ಕೂತಿತು, ಒಂದು ಬೆಕ್ಕಿನ ಮರಿಯಷ್ಟೂ ಭಾರವಿಲ್ಲದೆ.

ಯಾರೂ ನಗಲಿಲ್ಲ. ಅವರು ಆಕಾಶ ನೋಡ್ತಾ ಹಾಗೇ ಮಲಗಿದ್ದರು. ಕೈ ಮೆಲ್ಲಗೆ ಬಂದು ಪೊಟ್ಟಣವನ್ನ ಹಿಡಿದುಕೊಂಡಿತು. ಮುಖ ಕೆಂಪಾಯ್ತು, ಹೊಟ್ಟೆ ಕುಲುಕೋಕೆ ಶುರುವಾಯ್ತು, ಭುಜ ಅಲುಗಿತು. ಅಳ್ತಿದ್ದಾರೆ ಅಂದುಕೊಂಡೆ. ನಗ್ತಿದ್ದರು. ಸದ್ದಿಲ್ಲದೆ ನಗ್ತಾ ನಗ್ತಾ ಕಣ್ಣಿನಿಂದ ನೀರು ಕಿವಿಯ ಕಡೆಗೆ ಇಳಿಯುತ್ತಿತ್ತು. ಆಗ ಮಂಡಿಯವರೂ ಒಬ್ಬೊಬ್ಬರಾಗಿ ನಕ್ಕರು. ಕೆಂಪರಾಜಣ್ಣ ಹೆದರಿದ್ದ ನಗು ಅದಲ್ಲ, ಅದು ಅವರಿಗೂ ಗೊತ್ತಾಯ್ತು ಅಂತ ಕಾಣುತ್ತೆ.

ತಾಯಕ್ಕ ಬಗ್ಗಿ ಕೈ ಕೊಟ್ಟಳು. "ಏಳಿ ಸಾಕು. ಒಗೆದ ಪಂಚೆ, ಎಲ್ಲ ಮಣ್ಣು," ಅಂದಳು. ಅನಂತಶಯನ ಅವರು ಮುರಿದ ಕೊಡೆಯನ್ನ ಪಕ್ಕಕ್ಕಿಟ್ಟು, ಸ್ಲೇಟಿನ ಮೇಲಿನ ಬರಹವನ್ನ ತಮ್ಮ ಕರವಸ್ತ್ರದಲ್ಲೇ ಒರೆಸಿ, "ಗುರುತಿನ ಚೀಟಿಯ ಜೆರಾಕ್ಸ್ ನಾಳೆ ತಂದುಕೊಟ್ಟರೂ ಆಗುತ್ತೆ," ಅಂದರು. ಅವರ ಬಾಯಿಂದ ಆ ಮಾತನ್ನ ನಾನು ಮೊದಲ ಸಲ ಕೇಳಿದ್ದು.

ಸಹಿ ಮಾಡಿಸಿಕೊಳ್ಳೋ ನೆಪದಲ್ಲಿ ನಾನು ಅವರ ಮನೆಗೆ ಹೋದೆ. ಯಂತ್ರವನ್ನ ಚಾರ್ಜಿಗೆ ಹಾಕಿ ಮೂರು ಗಂಟೆ ಮೂವರೂ ಅದರ ಮುಂದೆ ಕೂತಿದ್ದೆವು, ಹಾಲಿಟ್ಟು ಉಕ್ಕೋದನ್ನ ಕಾಯೋರ ಹಾಗೆ. ಹಸಿರು ದೀಪ ಬಂತು. ಕೆಂಪರಾಜಣ್ಣ ಅದನ್ನ ಗಂಟಲಿಗೆ ಒತ್ತಿಕೊಂಡರು. ಮೊದಲು ಬರೀ ಜುಯ್ ಅಂತು. ಜಾಗ ಬದಲಾಯಿಸಿದರು. ಅವರು ಬರೆದದ್ದು ಸುಳ್ಳಲ್ಲ, ಜೀರುಂಡೆಯದೇ ಧ್ವನಿ. ಆದರೆ ಆ ಜೀರುಂಡೆ ಸ್ಪಷ್ಟವಾಗಿ ನನ್ನ ಹೆಸರು ಹೇಳಿತು. "ಚೆನ್ನಾಜಮ್ಮ."

"ಏನಣ್ಣ?" ಅಂದೆ.

"ನಾನು ಉಪ್ಪು ಜಾಸ್ತಿ ಅಂತ ಬರೆದರೆ, ನೀನು ಏನು ಓದ್ತಿದ್ದೆ?"

ತಾಯಕ್ಕ ನನ್ನ ಮುಖ ನೋಡಿದಳು. ತಪ್ಪಿಸಿಕೊಳ್ಳೋ ದಾರಿ ಇರಲಿಲ್ಲ. "ಸಾರು ಬಹಳ ಚೆನ್ನಾಗಿತ್ತಂತೆ, ಉಪ್ಪು ಒಂದು ಹರಳು ಮುಂದಂತೆ, ಅಂತ," ಅಂದೆ.

ಅವರು ಯಂತ್ರವನ್ನ ಕೆಳಗಿಳಿಸಿದರು. ಮತ್ತೆ ಗಂಟಲಿಗೆ ಒತ್ತಿಕೊಂಡು ಹೆಂಡತಿಯ ಕಡೆ ತಿರುಗಿದರು. "ಚೆನ್ನಾಗೂ ಇತ್ತು," ಅಂದರು.

ತಾಯಕ್ಕ ಎದ್ದು ಅಡುಗೆಮನೆಗೆ ಹೋದಳು. ಒಳಗೆ ಪಾತ್ರೆಗಳನ್ನ ಸುಮ್ಮನೆ ಅತ್ತಿಂದಿತ್ತ ಇಡೋ ಸದ್ದು ಬಹಳ ಹೊತ್ತು ಬಂತು. ನಾನು ಸಹಿ ಮಾಡಿ ಅಂತ ಕಾಗದ ಮುಂದಿಟ್ಟೆ.

ಮುಂದಿನ ಸೋಮವಾರ ಕೆಂಪರಾಜಣ್ಣ ಯಂತ್ರ ಹಿಡಿದು ಮಂಡಿಗೆ ಹೋದರು. ಹರಾಜು ಈಗ ಬೇರೆಯವರು ಕೂಗ್ತಾರೆ. ಇವರು ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತು, ಬೆಲ್ಲ ಚೂರು ಬಾಯಿಗೆ ಹಾಕಿಕೊಂಡು ಯಾವುದು ಯಾವ ಗಾಣದ್ದು, ಎಂಥ ಬಣ್ಣ ಅಂತ ಹೇಳ್ತಾರೆ. ಸಂಜೆ ಮುಂದೆ ನಾನು ಕಿಟಕಿಯಲ್ಲಿ ತಲೆ ಹೊರಗೆ ಹಾಕಿದ್ದೆ. ಅವರು ಬಂದು ಮಂಡಿ ಬಾಗಿಲಲ್ಲಿ ನಿಂತರು, ಹಳೇ ಅಭ್ಯಾಸದ ಹಾಗೆ ಮನೆ ಕಡೆ ಮುಖ ಮಾಡಿ, ಯಂತ್ರವನ್ನ ಗಂಟಲಿಗೆ ಒತ್ತಿ ಬಾಯಿ ತೆಗೆದರು. ನನಗೆ ಏನೂ ಕೇಳಿಸಲಿಲ್ಲ. ಆ ಧ್ವನಿ ಎರಡು ಅಂಗಡಿ ಆಚೆಗೂ ಹೋಗೋದಲ್ಲ. ಅವರಿಗೂ ಗೊತ್ತಾಯ್ತು. ಯಂತ್ರವನ್ನ ಜೇಬಿಗೆ ಹಾಕಿಕೊಳ್ಳೋಕೆ ಹೋದರು.

ಎರಡನೇ ಅಂಗಡಿಯ ಎಣ್ಣೆಯವನು ಎದ್ದು ನಿಂತು ಬೀದಿಯ ಕಡೆ ತಿರುಗಿ ಕೂಗಿದ, "ಲೇ ಇವಳೇ, ನೀರಿಡೇ." ಅವನ ಕೂಗು ಹೂವಿನ ಬುಟ್ಟಿಯವರೆಗೆ ಬಂತು. ಜಯಶೀಲ ಬುಟ್ಟಿ ಮುಚ್ಚಿ ನನ್ನ ಕಿಟಕಿಯ ಕಡೆ ಕೂಗಿದಳು. ನಾನು ಎದ್ದೆ. ಸೊಂಟ ಹಿಡಿದುಕೊಂಡಿತ್ತು, ಹಿಂದಿನ ಬಾಗಿಲಿಗೆ ಹೋಗಿ, ಮೂರನೇ ಬೀದಿಯ ಕಡೆ ತಿರುಗಿ, ಇದ್ದ ಉಸಿರನ್ನೆಲ್ಲ ಹಾಕಿ ಕೂಗಿದೆ. ಒಂದು ಮಾತು ಸೇರಿಸಲಿಲ್ಲ, ಒಂದು ಮಾತು ಬಿಡಲಿಲ್ಲ. "ಲೇ ಇವಳೇ, ನೀರಿಡೇ."

ಅವರ ಬಚ್ಚಲುಮನೆಯ ಮೇಲಿಂದ ಸ್ವಲ್ಪ ಹೊತ್ತಿಗೆ ಹೊಗೆ ಎದ್ದಿತು. ಹಿತ್ತಲ ಗೋಡೆಯ ಮೇಲೆ ತಾಯಕ್ಕನ ತಲೆ ಕಂಡಿತು. "ಒಲೆ ಹಚ್ಚಿದೀನಿ, ನಿಧಾನಕ್ಕೆ ಬರೋಕೆ ಹೇಳು," ಅಂತ ಕೂಗಿದಳು. ನಾನು ಕಿಟಕಿಗೆ ಬಂದು ಅದನ್ನೂ ಹಾಗೇ ಜಯಶೀಲಳಿಗೆ ಕೂಗಿ ಹೇಳಿ, ಕೌಂಟರು ಮುಚ್ಚಿದೆ.